ಏಳನೇ ಕಲಮಿನಲ್ಲಿ ನಮ್ಮಕ್ಕನ ಹೆಸರು

ಮಾದಕ ವಸ್ತು ನಿಗ್ರಹ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಇಂದಿನಿಂದ ಜಾರಿಗೆ ಬರುವಂತೆ ನಮ್ಮ ಮನೆಯ ಕರೆಗಂಟೆಯನ್ನು ಸೇವೆಯಿಂದ ಬಿಡುಗಡೆಗೊಳಿಸಲಾಗಿದೆ ಎಂದು ಅಂಚೆಯವರಿಗೂ, ಹಾಲಿನವರಿಗೂ, ನೆಂಟರಿಷ್ಟರಿಗೂ, ವಿಳಾಸ ತಪ್ಪಿ ಬರುವ ಸಮಸ್ತ ಮಹನೀಯರಿಗೂ ಈ ಮೂಲಕ ಘೋಷಿಸುತ್ತಿದ್ದೇನೆ. ಹದಿನಾಲ್ಕು ವರ್ಷ ನಿಷ್ಠೆಯಿಂದ ಕೂಗಿದ ಗಂಟೆ. ಅದರ ಮೇಲೆ ಯಾವ ಆರೋಪವೂ ಇಲ್ಲ. ಆದರೆ ಅದು ಕೂಗಿದಾಗಲೆಲ್ಲ ನಮ್ಮಕ್ಕ ಕೈಯಲ್ಲಿದ್ದುದನ್ನು ಹಾಗೇ ಬಿಟ್ಟು ಬಚ್ಚಲಿಗೆ ಓಡಿ ಚಿಲಕ ಹಾಕಿಕೊಳ್ಳುತ್ತಾಳೆ. ಹೀಗೆ ಈವರೆಗೆ ಮೂರು ಗಾಜಿನ ಲೋಟ, ಒಂದು ಪಿಂಗಾಣಿ ತಟ್ಟೆ ಹೋಗಿವೆ. ಅವುಗಳನ್ನು ಒಡೆದವರು ತಾವು.

ಮಾತು ದೊಡ್ಡದಾಯಿತೇ? ವಿವರಿಸುತ್ತೇನೆ. ಇದೇ ತಿಂಗಳ ಹನ್ನೆರಡರಂದು ತಮ್ಮ ಕಚೇರಿಗೆ ನಾನೊಂದು ಗೋಪ್ಯ ದೂರು ಕೊಟ್ಟೆ. ಹದಿನಾರರಂದು ಆ ದೂರು, ತಮ್ಮ ಸ್ವೀಕೃತಿಯ ಮೊಹರಿನ ಸಮೇತ, ನಾನು ಯಾರ ಮೇಲೆ ದೂರಿದ್ದೆನೋ ಅವರ ಮನೆಯ ಊಟದ ಮೇಜಿನ ಮೇಲಿತ್ತು. ನಮ್ಮ ತಂದೆಯ ಮರಣಪತ್ರಕ್ಕೆ ಹನ್ನೊಂದು ತಿಂಗಳು ಅಲೆಸಿದ ಸರ್ಕಾರ ಇದೇ. ಕಾಗದವೊಂದು ನಾಲ್ಕೇ ದಿನದಲ್ಲಿ ಹೀಗೆ ಬಾಗಿಲಿಗೆ ತಲುಪಿದ್ದನ್ನು ನನ್ನ ಜನ್ಮದಲ್ಲಿ ನಾನು ಕಂಡಿರಲಿಲ್ಲ. ಬೇರೆ ಸಂದರ್ಭವಾಗಿದ್ದರೆ ತಮಗೆ ಸನ್ಮಾನ ಏರ್ಪಡಿಸುತ್ತಿದ್ದೆ. ಗೋಪ್ಯವಾಗಿ ಕೊಟ್ಟದ್ದು ತಮ್ಮ ಕೈಯಲ್ಲಿ ಹೀಗೆ ಬಯಲಾಗುವುದಾದರೆ, ಪತ್ರಿಕೆಯಲ್ಲೇ ಅಚ್ಚು ಹಾಕಿಸಿದರೆ ಒಂದು ವೇಳೆ ಗುಟ್ಟಾಗಿ ಉಳಿದೀತೇನೋ ಎಂಬ ಆಸೆಯಿಂದ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಆ ಕುಟುಂಬದ ಹೆಸರು ಬರೆಯುವುದಿಲ್ಲ. ನನಗೆ ಭಯ. ತಮಗಂತೂ ಹೇಳುವ ಅಗತ್ಯವೇ ಇಲ್ಲ. ಮನೆಯ ಹಿರಿಯಾಕೆಯನ್ನು ಊರೆಲ್ಲ ‘ಅತ್ತೆಮ್ಮ’ ಎನ್ನುತ್ತದೆ. ಹಿರಿಮಗ ಗೋದಾಮು ನೋಡಿಕೊಳ್ಳುತ್ತಾನೆ, ಕಿರಿಮಗ ವ್ಯಾನುಗಳನ್ನು. ಊರಿನ ಏಳು ಔಷಧದಂಗಡಿಗಳೂ ಅವರವೇ, ಸೊಸೆಯ ಉಸ್ತುವಾರಿಯಲ್ಲಿ. ಅಳಿಯ ಮಾತ್ರ ವ್ಯಾಪಾರದಲ್ಲಿಲ್ಲ, ಜನಸೇವೆಯಲ್ಲಿದ್ದಾನೆ. ಎರಡು ಸಲ ಗೆದ್ದಿದ್ದಾನೆ. ಚುನಾವಣೆ ಮುಗಿದು ಎರಡು ವರ್ಷವಾದರೂ ಮನೆಯ ವ್ಯಾನುಗಳ ಮೇಲಿಂದ ಅವನ ನಗುಮುಖದ ಪೋಸ್ಟರು ಇಳಿದಿಲ್ಲ. ಹಳತಾದರೆ ಹೊಸದು ಅಂಟಿಸುತ್ತಾರೆ. ಆ ಹಲ್ಲು ದೂರದಿಂದ ಕಂಡರೆ ಸಾಕು, ತನಿಖಾ ಠಾಣೆಯ ಅಡ್ಡಗಂಬ ತಾನೇ ಮೇಲೇಳುತ್ತದೆ. ಒಳಗಿನ ಪೆಟ್ಟಿಗೆಗಳನ್ನು ನೋಡುವ ಅಸಭ್ಯತೆಯನ್ನು ತಮ್ಮ ಸಿಬ್ಬಂದಿ ಎಂದೂ ತೋರಿಲ್ಲ.

ನಮ್ಮಕ್ಕ ಆ ಏಳರಲ್ಲಿ ಒಂದು ಅಂಗಡಿಯ ಕೌಂಟರಿನಲ್ಲಿ ಹನ್ನೊಂದು ವರ್ಷದಿಂದ ನಿಂತಿದ್ದಾಳೆ. ಮತ್ತು ಬರಿಸುವ ನೋವಿನ ಮಾತ್ರೆಗಳನ್ನು ಡಾಕ್ಟರ ಚೀಟಿಯಿಲ್ಲದೆ ಕೊಡುವಂತಿಲ್ಲವಲ್ಲ, ಆ ಚೀಟಿಗಳನ್ನು ಕಡತಕ್ಕೆ ಪೋಣಿಸುವುದು ಅವಳ ಕೆಲಸ. ಒಂದು ಸಂಜೆ ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ನಿಂತುಬಿಟ್ಟಳು.

“ನಮ್ಮ ಮೂಲೆಮನೆ ಡಾಕ್ಟ್ರು ತೀರಿಕೊಂಡು ಎಷ್ಟು ದಿನ ಆಯ್ತೋ?”

“ಎರಡು ವರ್ಷ ಆಗ್ಲಿಲ್ವೇನೇ?”

“ನಾನೇ ಹೋಗಿ ಹೂ ಇಟ್ಟು ಬಂದಿದ್ದೀನಿ ಕಣೋ. ಮೊನ್ನೆ ಮಂಗಳವಾರ ಅವ್ರು ನಲವತ್ತು ಚೀಟಿ ಬರೆದಿದ್ದಾರೆ.”

ಬದುಕಿದ್ದಾಗ ವಾರಕ್ಕೆರಡು ದಿನ ರಜೆ ಹಾಕುತ್ತಿದ್ದ ಮನುಷ್ಯ. ಸತ್ತ ಮೇಲೆ ಭಾನುವಾರವೂ ದುಡಿಯುತ್ತಿದ್ದಾರೆ. ಆ ಚೀಟಿಗಳ ಲೆಕ್ಕದಲ್ಲಿ ಹೊರಟ ಮಾತ್ರೆಗಳು ಯಾವ ರೋಗಿಗೂ ತಲುಪದೆ ಗೋದಾಮಿನ ಹಿಂಬಾಗಿಲಿನಿಂದ ವ್ಯಾನು ಹತ್ತುತ್ತವೆ. ಆಮೇಲೆ ಎಲ್ಲಿಗೆ ಎಂದು ಕೇಳುತ್ತೀರಾ? ನನ್ನ ಕ್ಷೌರಿಕರನ್ನೇ ಕೇಳಿ. ಇಪ್ಪತ್ತು ವರ್ಷ ನನ್ನ ಕುತ್ತಿಗೆಯ ಮೇಲೆ ಕತ್ತಿ ಆಡಿಸಿ ಒಂದು ಗೀರು ಬೀಳಿಸದ ಕೈ ಅದು. ಬೆನ್ನುನೋವಿಗೆಂದು ಯಾರೋ ಎರಡು ಮಾತ್ರೆ ಕೊಟ್ಟರಂತೆ. ಎರಡು ಆರಾಯಿತು, ಆರು ಮುಗಿದು ಪುಡಿಗೆ ಬಂತು. ಕೊನೆಯ ಸಲ ಹೋದಾಗ ಒಂದು ಕೆನ್ನೆ ಮುಗಿಸಿ, ಕತ್ತಿಯನ್ನು ನನ್ನ ಗಲ್ಲದ ಹತ್ತಿರ ತಂದು, ತಮ್ಮ ಕೈಯನ್ನೇ ಒಂದು ಕ್ಷಣ ನೋಡಿ, “ಬೇಡ ಸಾರ್, ಎದ್ಬಿಡಿ” ಎಂದರು. ಅಂಗಡಿಯ ಕನ್ನಡಿಗಳೂ ಈಗ ಮಾರಾಟವಾಗಿವೆ. ದೂರು ಕೊಡಬೇಕೆಂದು ನನಗೆ ಅನ್ನಿಸಿದ್ದು ಆ ಕುರ್ಚಿಯಿಂದ ಅರ್ಧ ಗಡ್ಡದಲ್ಲಿ ಎದ್ದು ಬಂದಾಗ.

ತಮ್ಮ ಕಚೇರಿಯ ಗುಮಾಸ್ತರು ಬಹಳ ಮರ್ಯಾದೆಯವರು, ಕುರ್ಚಿ ಕೊಟ್ಟರು. ನಮೂನೆಯ ತಲೆಯ ಮೇಲೆ ದಪ್ಪಕ್ಷರದಲ್ಲಿ ‘ಗೋಪ್ಯ’ ಎಂದಿತ್ತು. ಏಳನೇ ಕಲಮು: ‘ಮಾಹಿತಿಯ ಮೂಲ. ಹೆಸರು, ಸಂಬಂಧ, ಕೆಲಸದ ಸ್ಥಳ.’

“ಇದನ್ನ ಬರೀಲೇಬೇಕಾ?” ಎಂದೆ.

“ಖಾಲಿ ಬಿಟ್ರೆ ಕಂಪ್ಯೂಟರ್ ತಗೊಳ್ಳಲ್ಲ ಸಾರ್.”

“ಅಲ್ಲ, ಮೇಲೆ ಗೋಪ್ಯ ಅಂತಿದೆಯಲ್ಲ?”

“ಅದಕ್ಕೇ ತಾನೇ ಸಾರ್, ಧೈರ್ಯವಾಗಿ ಬರೀರಿ ಅನ್ನೋದು!”

ಬರೆದೆ, ಮಾನ್ಯರೇ. ಇಲ್ಲಿ ತಮ್ಮನ್ನು ಮಾತ್ರ ದೂರಿದರೆ ಅನ್ಯಾಯವಾದೀತು. ಒಂದು ಹೆಸರು ಗೀಚಿ ಏಳಬಹುದಿತ್ತು. ಆದರೆ ಪ್ರತಿ ಭಾನುವಾರ ಅಂಕಣ ತುಂಬಿಸುವ ಕೈ ಇದು, ಖಾಲಿ ಜಾಗ ಕಂಡರೆ ಸುಮ್ಮನಿರದು. ‘ನನ್ನ ಒಡಹುಟ್ಟಿದ ಅಕ್ಕ. ಹನ್ನೊಂದು ವರ್ಷದಿಂದ ಅದೇ ಕೌಂಟರಿನಲ್ಲಿ ನಿಂತವಳು. ಸುಳ್ಳು ಹೇಳಲು ಬಾರದವಳು’ ಎಂದೆಲ್ಲ ಅಲಂಕರಿಸಿದೆ. ಜಾಗ ಸಾಲದೆ ಅಂಚಿಗೂ ಇಳಿದೆ. ಅಕ್ಕನನ್ನು ಒಂದು ಮಾತು ಕೇಳಲಿಲ್ಲ.

ಹದಿನೇಳರ ಬೆಳಿಗ್ಗೆ ಹನ್ನೊಂದಕ್ಕೆ ಅತ್ತೆಮ್ಮ ಬಂದರು. ಒಬ್ಬರೇ, ಕೊಡೆ ಹಿಡಿದು. ಅಕ್ಕ ಕೆಲಸಕ್ಕೆ ಹೋಗಿದ್ದಳು. ಒಂದು ಕಡತ ಮೇಜಿನ ಮೇಲಿಟ್ಟು, ನೀರು ಕೇಳಿ ಕುಡಿದು, ಕನ್ನಡಕ ಒರೆಸಿಕೊಂಡರು.

“ನೀನು ಬರೆಯೋದನ್ನ ನಾನು ತಪ್ಪದೆ ಓದ್ತೀನಿ ಕಣಪ್ಪ. ಒಬ್ಬಳೇ ಕೂತು ನಗ್ತಾ ಇರ್ತೀನಿ. ಸೊಸೆ ಬೈತಾಳೆ, ಏನತ್ತೆ ಹೀಗೆ ನಗ್ತೀರ ಅಂತ.”

“ಸಂತೋಷ ಅಮ್ಮ,” ಎಂದೆ.

“ಇದನ್ನೂ ನಿನ್ನೆ ಊಟಕ್ಕೆ ಕೂತಾಗ ಓದ್ದೆ,” ಎಂದು ಕಡತವನ್ನು ನನ್ನ ಕಡೆ ಸರಿಸಿದರು. “ಇದ್ರಲ್ಲಿ ನಗು ಬರಲಿಲ್ಲಪ್ಪ.”

ನನ್ನ ಕೈಬರಹ. ಏಳನೇ ಕಲಮಿನ ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ಒಂದು ಸಣ್ಣ ಗೀಟು ಹಾಕಿದ್ದರು.

“ನಿಮ್ಮಕ್ಕ ನಮ್ಮನೆ ಮಗಳಿದ್ದ ಹಾಗೆ. ನಾಳೆಯಿಂದ ಬರಲ್ಲ ಗಿರಲ್ಲ ಅಂತ ಮಾತ್ರ ಹೇಳಿಸ್ಬೇಡ. ಅವಳಿಲ್ದೆ ಅಂಗಡಿ ನಡೆಯಲ್ಲ.” ಏಳುತ್ತಾ, ಏನೋ ನೆನಪಾದವರ ಹಾಗೆ, “ಅವಳಿಗೆ ಬೀಪಿ ಅಲ್ವಾ? ಮಾತ್ರೆ ನಮ್ಮಂಗಡೀದೇ ತಾನೇ? ನೋಡ್ಕೊಂಡು ತಗೊಳಕ್ಕೆ ಹೇಳಪ್ಪ. ಕಾಲ ಸರಿಯಿಲ್ಲ.”

ಹೋಗುವಾಗ ಗೇಟಿನ ಚಿಲಕವನ್ನು ಸದ್ದಾಗದಂತೆ ಹಾಕಿ ಹೋದರು.

ನನ್ನ ಕಾಗದ ಅವರ ಕೈ ಸೇರಿದ್ದು ಹೇಗೆಂದು ತಮ್ಮ ಗುಮಾಸ್ತರನ್ನೇ ಕೇಳಿದೆ. ಅವರು ತಮ್ಮ ಸುತ್ತೋಲೆ ತೋರಿಸಿದರು: ಮಾದಕ ವಸ್ತುಗಳ ಬಗ್ಗೆ ಬರುವ ದೂರುಗಳನ್ನೆಲ್ಲ ‘ಅಭಿಪ್ರಾಯಕ್ಕಾಗಿ’ ವ್ಯಸನಮುಕ್ತ ನಗರ ಸಮಿತಿಗೆ ಕಳುಹಿಸತಕ್ಕದ್ದು, ಮೂಲಪ್ರತಿ ಸಹಿತ. ಸಮಿತಿಯ ಅಧ್ಯಕ್ಷರು ಯಾರು? ಅಳಿಯ. ಸಲಹೆಗಾರರು ಯಾರು? ಅದೇ ಸುತ್ತೋಲೆಗೆ ರುಜು ಹಾಕಿ, ನಿವೃತ್ತರಾದ ಮರುವಾರವೇ ಆ ಕುರ್ಚಿಗೆ ಹೋಗಿ ಕುಳಿತ ತಮ್ಮ ಹಿಂದಿನ ಅಧಿಕಾರಿಗಳು. ಉದ್ಘಾಟಿಸಿದವರು ಯಾರು? ಅಳಿಯನ ವ್ಯಾನುಗಳಲ್ಲಿ ಪ್ರಚಾರ ಮಾಡಿ ಗೆದ್ದ ಮಂತ್ರಿಗಳು. ಹಾಗಾದರೆ ನಿಯಮ ಎಲ್ಲಿ ಮುರಿಯಿತು? ಎಲ್ಲಿಯೂ ಮುರಿದಿಲ್ಲ, ಅದೇ ನನ್ನ ಹೆದರಿಕೆ. ಕಳ್ಳತನದಲ್ಲಿ ಸೋರಿಹೋಗಿದ್ದರೆ ಒಬ್ಬ ಕಳ್ಳನನ್ನಾದರೂ ಹಿಡಿಯಿರಿ ಎನ್ನಬಹುದಿತ್ತು. ರವಾನೆ ಸಂಖ್ಯೆ ಹಾಕಿ, ನೂಲು ಕಟ್ಟಿ, ಜವಾನನ ಕೈಯಲ್ಲಿ ಮರ್ಯಾದೆಯಾಗಿ ಕಳುಹಿಸಿದ್ದಕ್ಕೆ ಯಾರನ್ನು ಹಿಡಿಯೋಣ? ನನಗಿಂತ ಮೊದಲು ದೂರು ಕೊಟ್ಟವರ ಏಳನೇ ಕಲಮುಗಳೆಲ್ಲ ಎಲ್ಲಿವೆ? ಆ ಕಲಮಿನೊಳಗಿನ ಮನುಷ್ಯರು ಎಲ್ಲಿದ್ದಾರೆ?

ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು ಕೂಗಾಡಲಿಲ್ಲ. “ನನ್ನನ್ನ ಒಂದು ಮಾತು ಕೇಳಿದ್ಯೇನೋ?” ಎಂದಳು, ಅಷ್ಟೇ. ನಂತರ ತನ್ನ ಮಾತ್ರೆಯ ಡಬ್ಬಿ ತಂದು, ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮತ್ತೆ ಮುಚ್ಚಿಟ್ಟಳು. ಔಷಧ ಗುರುತಿಸುವುದೇ ಕಸುಬಾಗಿರುವ ಹೆಂಗಸು, ತನ್ನ ಮಾತ್ರೆ ತನ್ನದೇ ಹೌದೋ ಅಲ್ಲವೋ ಹೇಳಲಾರದೆ ಒಂಬತ್ತು ದಿನದಿಂದ ನುಂಗಿಲ್ಲ. ಬೆಳಿಗ್ಗೆ ಏಳುವಾಗ ಗೋಡೆ ಹಿಡಿದುಕೊಳ್ಳುತ್ತಾಳೆ. ಆದರೂ ಒಂಬತ್ತಕ್ಕೆ ಕೌಂಟರಿಗೆ ಹೋಗಿ ನಿಲ್ಲುತ್ತಾಳೆ. ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಸೊಸೆ. ನಾನು ಎದುರಿನ ಜೆರಾಕ್ಸ್ ಅಂಗಡಿಯಲ್ಲಿ, ಬೇಡದ ಕಾಗದಗಳಿಗೆ ಪ್ರತಿ ತೆಗೆಸುವ ನೆಪದಲ್ಲಿ. ನಮ್ಮ ನೀರಿನ ಬಿಲ್ಲಿನ ಅರವತ್ತು ಪ್ರತಿಗಳು ಈಗ ನನ್ನಲ್ಲಿವೆ, ತಮ್ಮ ಸಮಿತಿಯ ಅಭಿಪ್ರಾಯಕ್ಕೆ ಬೇಕಿದ್ದರೆ ಹೇಳಿ ಕಳುಹಿಸಿ.

ಶೌರ್ಯ ಪ್ರದರ್ಶಿಸಿ ಎಂದು ನಾನು ಕೇಳುವುದಿಲ್ಲ. ನನ್ನಲ್ಲೇ ಇಲ್ಲದ್ದನ್ನು ತಮ್ಮಲ್ಲಿ ಕೇಳುವುದು ಸರಿಯಲ್ಲ. ಆ ಸುತ್ತೋಲೆಯನ್ನು ಇವತ್ತೇ ಹಿಂತೆಗೆದುಕೊಳ್ಳಿ. ನನ್ನ ದೂರು ಎಷ್ಟು ಪ್ರತಿಗಳಾಗಿ ಯಾರ್‍ಯಾರ ಕೈ ಸೇರಿದೆ ಎಂದು ರುಜು ಹಾಕಿ ಬರೆದುಕೊಡಿ. ನಮ್ಮಕ್ಕನ ಹೇಳಿಕೆಯನ್ನು ಈ ಊರಿನ ಹೊರಗೆ, ನ್ಯಾಯಾಧೀಶರ ಮುಂದೆ ದಾಖಲಿಸಿ, ಅವಳಿಗೆ ರಕ್ಷಣೆ ಕೊಡಿ. ಅವಳಿಗೆ ಏನಾದರೂ ಆದರೆ ಅದಕ್ಕೆ ರಕ್ತದೊತ್ತಡ ಕಾರಣ ಎಂದು ಯಾರಾದರೂ ಬರೆದಾರು. ಅದನ್ನು ಓದುವವರು ಜೊತೆಗೆ ಈ ಪತ್ರವನ್ನೂ ಓದಲಿ ಎಂದು ತಾರೀಕಿರುವ ಪತ್ರಿಕೆಯಲ್ಲೇ ಅಚ್ಚು ಮಾಡಿಸಿದ್ದೇನೆ.

ಇಂತಿ,
ಅತ್ತೆಮ್ಮನವರೂ ಮೆಚ್ಚಿದ ಹಾಸ್ಯಲೇಖಕ,
ತಮ್ಮ ಒಬ್ಬ ಗೋಪ್ಯ ದೂರುದಾರ

ಓದುಗರಲ್ಲೊಂದು ಬಿನ್ನಹ. ಈ ವಾರ ಯಾರಾದರೂ ಪಕ್ಕದೂರಿಗೆ ಹೋಗುವವರಿದ್ದರೆ ಅಲ್ಲಿನ ಯಾವುದಾದರೂ ಅಂಗಡಿಯಿಂದ ಅಕ್ಕನ ಬೀಪಿ ಮಾತ್ರೆ ತಂದುಕೊಡಿ, ಒಂದು ತಿಂಗಳಿಗಾಗುವಷ್ಟು. ನಾನೇ ಹೋಗಬಹುದಿತ್ತು, ಅರ್ಧ ದಿನ ಅವಳನ್ನು ಬಿಟ್ಟುಹೋಗಲು ಧೈರ್ಯವಿಲ್ಲ. ಡಾಕ್ಟರ ಚೀಟಿ ಈ ಪತ್ರಿಕೆಯ ಕಚೇರಿಯಲ್ಲಿದೆ, ಮಾತ್ರೆಯನ್ನೂ ಅಲ್ಲೇ ಕೊಟ್ಟರೆ ಸಾಕು. ಕತ್ತರಿಸಿದ ಬಿಡಿ ಮಾತ್ರೆ ಬೇಡ, ಪೆಟ್ಟಿಗೆಯ ಅಂಟು ಬಿಚ್ಚಿರಬಾರದು. ಶುಕ್ರವಾರದೊಳಗೆ ಆದರೆ ಒಳ್ಳೆಯದು.