ನನ್ನ ಕಾಲಡಿಯ ಬ್ರೇಕು

೩, ಸೋಮವಾರ

ಟಿಫಿನ್ ಡಬ್ಬಿ ತುಂಬಿ, ಜಡೆ ಹೆಣೆದು, ಬೂಟಿನ ಲೇಸು ಕಟ್ಟಿ, ಮನೆಯಲ್ಲಿ ನಾವು ಪಟಾಕಿ ಅಂತ ಕರೆಯುವ ಮಗಳನ್ನು ಶಾಲೆಯ ಗೇಟಿನವರೆಗೂ ಕರೆದುಕೊಂಡು ಹೋಗಿದ್ದಾಯಿತು. ಕಾರಿನಿಂದ ಇಳಿಯಲಿಲ್ಲ. ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೂತುಬಿಟ್ಟಳು. ಕಾಲು ಮುರಿದುಕೊಂಡು ಮೂರು ತಿಂಗಳು ಮನೆಯಲ್ಲಿದ್ದ ಮಗಳು, ಪ್ಲಾಸ್ಟರ್ ಬಿಚ್ಚಿದ ದಿನ ಮನೆತುಂಬ ಕುಣಿದವಳು — ಮೂರನೇ ಕ್ಲಾಸಿಗೆ ಹೋಗು ಅಂದರೆ ಬಿಳಿಚಿಕೊಂಡಳು.

"ಹೆದರಬೇಡ, ಏನಾಗುತ್ತೆ?" ಅಂದೆ. ಒಂದು ಸಲವಲ್ಲ, ಹತ್ತು ಸಲ. ಕೊನೆಗೆ ಕಿರುಚಿದೆ. ಹಿಂದೆ ಸಾಲುಗಟ್ಟಿದ ಗಾಡಿಗಳ ಹಾರ್ನು. ವಾಪಸ್ ಕರೆತಂದೆ.

ಡ್ರೈವಿಂಗ್ ಕಲಿಸುವುದೇ ನನ್ನ ಕಸುಬು. ಸ್ಟಿಯರಿಂಗ್ ಹಿಡಿದು ನಡುಗುವವರಿಗೆ ಈ 'ಹೆದರಬೇಡ' ಎಂಬ ಮಾತನ್ನು ಯಾವತ್ತೂ ಹೇಳುವುದಿಲ್ಲ. ಹೇಳಿದರೆ ಇನ್ನಷ್ಟು ಹೆದರುತ್ತಾರೆ. ಹೆತ್ತ ಮಗಳಿಗೆ ಮಾತ್ರ ಅದೇ ಮಂತ್ರ. ನನ್ನ ಬುದ್ಧಿಗಿಷ್ಟು.

೪, ಮಂಗಳವಾರ

ಇವತ್ತು ಹೊಟ್ಟೆನೋವಂತೆ. ಶಾಲೆಗೆ ಹೋದರೆ ಹೊಸ ಸೈಕಲ್ ಕೊಡಿಸ್ತೀನಿ ಅಂದರು ಇವರು, ಅವಳ ಅಪ್ಪ. ಸೈಕಲ್ಲೂ ಬೇಡ ಅಂದಳು. ಆಗ ಅರ್ಥವಾಯಿತು, ನಾಟಕವಲ್ಲ ಇದು, ನಿಜವಾಗಿಯೂ ಹೆದರಿದ್ದಾಳೆ. ಇವರು ಡ್ಯೂಟಿಗೆ ಹೋದರು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ... ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ನಾನೂ ಕೆಲಸಕ್ಕೆ ಹೊರಟೆ.

ಮೊದಲ ಪಾಠ ಹಲ್ಲಿನ ಡಾಕ್ಟರಿಗೆ. ಐವತ್ತು ದಾಟಿದ ಹೆಂಗಸು. ಊರಿನ ಅರ್ಧ ಜನರ ಹಲ್ಲು ಕಿತ್ತವರು, ಪಟಾಕಿಯದೂ ಒಂದು. ಅಂಥವರಿಗೆ ಸರ್ಕಲ್ ಹತ್ತಿರ ಬಂದರೆ ಕೈಕಾಲು ಆಡುವುದಿಲ್ಲ. ಇವತ್ತೂ ಅಲ್ಲೇ ಗಾಡಿ ಆಫ್. ಹಣೆಯಿಂದ ಬೆವರು ಇಳಿಯುತ್ತಿತ್ತು.

ಹಿಂದಿನಿಂದ ಸಣ್ಣ ದನಿ. "ಆಂಟಿ, ನಿಮಗೂ ಭಯ ಆಗುತ್ತಾ?"

"ಆಗದೆ ಏನು! ಪ್ರಾಣವೇ ಹೋಗ್ತಿದೆ ಕಣಮ್ಮ."

ಬೆಳಗ್ಗೆಯಿಂದ ಮುಖ ಊದಿಸಿಕೊಂಡಿದ್ದವಳು ಕಿಸಕ್ಕನೆ ನಕ್ಕಳು.

೫, ಬುಧವಾರ

ತಾನೇ ಬೂಟು ಹಾಕಿಕೊಂಡು ರೆಡಿ! ಶಾಲೆಗಲ್ಲ, ಡಾಕ್ಟರ ಪಾಠಕ್ಕೆ.

ಮೈದಾನದ ಪಕ್ಕ ಗಾಡಿ ನಿಲ್ಲಿಸಿ ಸುಧಾರಿಸಿಕೊಳ್ಳುತ್ತಿದ್ದಾಗ ಡಾಕ್ಟರೇ ಹಿಂದೆ ತಿರುಗಿ ಕೇಳಿದರು, "ನನಗೆ ಸರ್ಕಲ್ ಅಂದ್ರೆ ಭಯ. ನಿನಗೆ ಏನಂದ್ರೆ?"

ನಾನು ಬಾಯಿ ಹಾಕಹೋದೆ. ಸುಮ್ಮನಿರಿ ಅಂತ ಕೈ ಮಾಡಿದರು.

"ಬಾಗಿಲು," ಅಂದಳು ಪಟಾಕಿ. "ನಾನು ಕ್ಲಾಸಿನ ಬಾಗಿಲಲ್ಲಿ ನಿಂತ ಕೂಡ್ಲೇ ಎಲ್ರೂ ತಿರುಗಿ ನೋಡ್ತಾರೆ. ಕಾಲು ನೋಡ್ತಾರೆ. ನನ್ನ ಜಾಗದಲ್ಲಿ ಬೇರೆ ಯಾರಾದ್ರೂ ಕೂತಿದ್ರೆ ಎಲ್ಲಿಗೆ ಹೋಗ್ಲಿ? ಅವ್ರು ನೋಡ್ತಾನೇ ಇರ್ತಾರೆ."

ನಾನು ಲೆಕ್ಕದ ಪಾಠ, ಟೀಚರು, ಮತ್ತೆ ಬೀಳುವ ಭಯ ಅಂತ ಏನೇನೋ ಊಹಿಸಿ ತಲೆ ಕೆಡಿಸಿಕೊಂಡಿದ್ದೆ. ಅವಳನ್ನು ಒಂದು ಮಾತು ಕೇಳಿರಲಿಲ್ಲ, ಅಷ್ಟೇ.

ಡಾಕ್ಟರು ಯೋಚಿಸಿದರು. "ನನ್ನ ಕ್ಲಿನಿಕ್ಕಲ್ಲಿ ಬಾಗಿಲಿಂದ ಬರೋರಿಗೇ ಭಯ. ಮೊದ್ಲೇ ಬಂದು ಕೂತಿರೋ ನನಗೆ ಏನೂ ಇಲ್ಲ. ನೀನೂ ಎಲ್ರಿಗಿಂತ ಮೊದ್ಲು ಹೋಗಿ ಕೂತ್ಬಿಡು. ಬರೋರನ್ನ ನೀನೇ ನೋಡು."

"ನೀವು ಸರ್ಕಲ್ ದಾಟಿಸಿ ಕರ್ಕೊಂಡು ಹೋಗ್ತೀರಾ?"

ಡಾಕ್ಟರ ಮುಖ ನೋಡಬೇಕಿತ್ತು. ಸಿಕ್ಕಿಹಾಕಿಕೊಂಡರು. ಹೂಂ ಅಂದರು.

೮, ಶನಿವಾರ

ಟೀಚರಿಗೆ ಫೋನ್ ಮಾಡಿದ್ದೆ. ಬೇಗ ಬರಲಿ, ಬಾಗಿಲು ತೆಗೆಸಿಟ್ಟಿರುತ್ತೇನೆ ಅಂದರು. ಕಿಟಕಿ ಪಕ್ಕದ ಅವಳ ಜಾಗ ಖಾಲಿಯೇ ಇದೆಯಂತೆ. "ಖಂಡಿತಾನಾ? ಯಾರೂ ಕೂತಿಲ್ವಾ?" ಕೇಳಿ ಕೇಳಿ ತಲೆ ತಿಂದಳು. ತಿನ್ನಲಿ.

ಮಧ್ಯಾಹ್ನ ಶಾಲೆಯ ಎದುರು ಗಾಡಿ ನಿಲ್ಲಿಸಿ ಸುಮ್ಮನೆ ಕೂತೆವು. ಎಂಜಿನ್ ಆಫ್. ಹೊಸಬರಿಗೆ ಮೊದಲ ದಿನ ನಾನು ಮಾಡಿಸುವುದೂ ಇದನ್ನೇ. ಬಿಸ್ಕತ್ತು ತಿಂದು ವಾಪಸ್ ಬಂದೆವು.

ಡಾಕ್ಟರಂತೂ ಎರಡು ದಿನ ಸರ್ಕಲ್ ಸುತ್ತಿದ್ದೇ ಸುತ್ತಿದ್ದು.

೧೦, ಸೋಮವಾರ — ಗೇಟಿನ ಹೊರಗೆ, ಕಾರಿನಲ್ಲಿ

ಇವತ್ತಿನ ಪಾಠದಲ್ಲಿ ಒಂದೇ ತಪ್ಪು. ಡಾಕ್ಟರದಲ್ಲ, ನನ್ನದು.

ಅವರು ಬೆಣ್ಣೆಯಿಂದ ಕೂದಲು ತೆಗೆದಂತೆ ಸರ್ಕಲ್ ದಾಟಿಸಿದರು. ಹಿಂದಿನಿಂದ ಚಪ್ಪಾಳೆ. ಶಾಲೆ ಕಾಣಿಸಿತು. ಕನ್ನಡಿಯಲ್ಲಿ ನೋಡಿದೆ — ಪಟಾಕಿಯ ಚಪ್ಪಾಳೆ ನಿಂತಿತ್ತು, ತುಟಿ ಕಚ್ಚಿ ಕೂತಿದ್ದಳು. ನಮ್ಮ ಗಾಡಿಗಳಲ್ಲಿ ಕಲಿಸುವವರ ಕಡೆಯೂ ಒಂದು ಬ್ರೇಕ್ ಇರುತ್ತದೆ. ನನ್ನ ಕಾಲು ತಾನಾಗಿ ಅದನ್ನು ಒತ್ತಿಬಿಟ್ಟಿತು. ಖಾಲಿ ರಸ್ತೆ, ಅಡ್ಡ ಒಂದು ನಾಯಿಯೂ ಇಲ್ಲ. ಗಾಡಿ ಎಗರಿ ನಿಂತಿತು.

"ಅಯ್ಯೋ, ನಾನೇನು ಮಾಡ್ದೆ ಮೇಡಂ?" ಡಾಕ್ಟರಿಗೆ ಗಾಬರಿ.

"ನೀವಲ್ಲ ಆಂಟಿ, ಅಮ್ಮ. ಅಮ್ಮಂಗೆ ಭಯ."

ಹೌದು ಅಂದೆ. ಇನ್ನೇನು ಹೇಳಲಿ? ಒಳಗೆ ಹೋಗಿ ಅತ್ತರೆ? ಯಾರೂ ಮಾತಾಡಿಸದಿದ್ದರೆ? ನನಗೇ ಭಯ, ಅವಳಿಗಿಂತ ಹೆಚ್ಚು.

"ಕಾಲು ತೆಗಿ ಅಮ್ಮ," ಅಂದಳು.

ತೆಗೆದೆ. ಡಾಕ್ಟರು ಮೆಲ್ಲಗೆ ಗೇಟಿನ ಮುಂದೆ ತಂದು ನಿಲ್ಲಿಸಿದರು. ಬ್ಯಾಗು ಏರಿಸಿಕೊಂಡು, ಖಾಲಿ ಅಂಗಳ ದಾಟಿ, ಒಬ್ಬಳೇ ಹೋದಳು. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಅವಳ ತಲೆ ಕಾಣಿಸಿತು. ಮಕ್ಕಳು ಒಬ್ಬೊಬ್ಬರೇ ಬರತೊಡಗಿದರು. ಕೂತಲ್ಲಿಂದಲೇ ಬಾಗಿಲ ಕಡೆ ಕೈ ಬೀಸುತ್ತಿದ್ದಾಳೆ, ಮದುವೆಮನೆಯಲ್ಲಿ ಎಲ್ಲರನ್ನೂ ಬರಮಾಡಿಕೊಳ್ಳುವವಳ ಹಾಗೆ! ಡಾಕ್ಟರು ಪಕ್ಕದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಾರೆ.

ಅದೇ ದಿನ, ಸಂಜೆ

ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಯಾರೂ ಸರಿಯಾಗಿ ಕಾಲು ನೋಡಲೇ ಇಲ್ಲ ಅಂತ ಈಗ ಸಿಟ್ಟು! "ಆ ಪ್ಲಾಸ್ಟರ್ ಆದ್ರೂ ಇದ್ದಿದ್ರೆ ತೋರಿಸ್ಬಹುದಿತ್ತು. ಯಾಕೆ ಎಸೆದೆ?" ಅಂತ ನನ್ನ ಮೇಲೆ ಹಾರಾಡಿದಳು. ಇವರು ಸೈಕಲ್ ಮಾತೇ ಆಡಿಲ್ಲವೆನ್ನುವ ಹಾಗೆ ಪೇಪರ್ ಹಿಂದೆ ಅಡಗಿದ್ದಾರೆ. ಬಿಡುತ್ತಾಳೆಯೇ ಅವಳು?

೧೧, ಮಂಗಳವಾರ

"ಗೇಟಿನವರೆಗೂ ಬೇಡ. ತಿರುವಲ್ಲೇ ಇಳಿಸು," ಅಂದಳು.

"ಯಾಕೇ?"

"ನಿನ್ನ ಗಾಡಿ ತಲೆ ಮೇಲೆ ಅಷ್ಟು ದೊಡ್ಡ ಡ್ರೈವಿಂಗ್ ಸ್ಕೂಲ್ ಬೋರ್ಡ್ ಇದೆ. ನನಗೆ ನಾಚಿಕೆ."

ಈ ಬೋರ್ಡೇ ಅನ್ನ ಹಾಕೋದು ಅನ್ನಬೇಕೆಂದಿದ್ದೆ. ತಿರುವಿನಲ್ಲಿ ನಿಲ್ಲಿಸಿದೆ. ಗೆಳತಿಯೊಬ್ಬಳು ಕಾಯುತ್ತಿದ್ದಳು. ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಹೋದರು. ಒಮ್ಮೆಯಾದರೂ ತಿರುಗಿ ನೋಡುತ್ತಾಳೆಂದು ಕೈ ಎತ್ತಿಕೊಂಡೇ ಕೂತಿದ್ದೆ. ನೋಡಲಿಲ್ಲ ಕಳ್ಳಿ, ನೋಡಲೇ ಇಲ್ಲ.

ಬೆಲ್ ಹೊಡೆಯಿತು. ಒಳಗಿದ್ದಾಳೆ. ಹೊರಡಬೇಕು, ಡಾಕ್ಟರು ಕಾಯುತ್ತಿರುತ್ತಾರೆ. ಖುಷಿಗೇ ಕಣೇ ಪಟಾಕಿ ಈ ಕಣ್ಣೀರು, ಇನ್ನೇನಕ್ಕೂ ಅಲ್ಲ, ಇನ್ನೊಂದೇ ನಿಮಿಷ ಹೀಗೇ ಕೂತು ಹೊರಡುತ್ತೇನೆ.