ಅವಲಕ್ಕಿಯಲ್ಲಿ ಹೂತಿಟ್ಟ ಫೋನು

ನವೆಂಬರ್ ೧೪, ಶುಕ್ರವಾರ. ಇಂದಿರಾಪುರಂ

ಇವತ್ತೂ ಕಿಟಕಿ ತೆಗೆಯಲಿಲ್ಲ. ಈ ಊರಿನ ಚಳಿಗಾಲದ ಹೊಗೆ ಎದುರಿನ ಅಪಾರ್ಟ್‌ಮೆಂಟ್ ಟವರನ್ನೇ ನುಂಗಿಬಿಟ್ಟಿದೆ.

ನಮ್ಮನೆಯವರು ಗೆಳೆಯನ ಹಾಯಿದೋಣಿಯಲ್ಲಿ ಅಂಡಮಾನಿನ ಕಾಡು ದಂಡೆ ಸುತ್ತುತ್ತಿದ್ದಾರೆ. ದಿನಾ ಕತ್ತಲಾಗುವುದರೊಳಗೆ ಲಂಗರು ಹಾಕಿ ನನಗೆ ಫೋನ್ ಮಾಡಬೇಕು. ಮಾಡದಿದ್ದರೆ ನಾನು ಕೋಸ್ಟ್ ಗಾರ್ಡ್‌ಗೆ ತಿಳಿಸಬೇಕು. ಈ ಕೆಲಸ ನಿನಗೆ ಬೇಕೇ ಎಂದು ಯಾರೂ ಕೇಳಲಿಲ್ಲ. ಫ್ಲಾಟಿನಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಅಡುಗೆಮನೆಯ ಮೂಲೆಯಲ್ಲಿ ಮಾತ್ರ. ಸಂಜೆಯೆಲ್ಲ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ.

ಇವತ್ತು ಕತ್ತಲಾದರೂ ಫೋನಿಲ್ಲ. "ಅಮ್ಮಾ, ಟೆನ್ಶನ್ ಮತ್ ಲೋ, ಪಪ್ಪಾ ಮಾಡ್ತಾರೆ," ಎಂದು ಮಗಳು ಅಪೂರ್ವಾ ಕೋಣೆಯಿಂದಲೇ ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಕೂಗಿದಳು. ಇನ್ನೇನು ಕೋಸ್ಟ್ ಗಾರ್ಡ್ ನಂಬರ್ ಒತ್ತಬೇಕು, ಇವರದೇ ಫೋನ್ ಬಂತು.

"ಫೋನು ನೀರಿಗೆ ಬಿದ್ದಿತ್ತು ಕಣೇ. ಅಕ್ಕಿ ಮುಗಿದಿತ್ತು, ನೀನು ಕಟ್ಟಿಕೊಟ್ಟ ಅವಲಕ್ಕಿ ಡಬ್ಬದಲ್ಲೇ ಹೂತಿಟ್ಟೆ. ನೋಡು, ಒಣಗಿದೆ!"

ಆಮೇಲೆ ಅದೇ ಅವಲಕ್ಕಿಗೆ ಒಗ್ಗರಣೆ ಹಾಕಿ ತಿಂದರಂತೆ. ಹರಿದ ಹಾಯಿಯನ್ನು, ನನ್ನ ಹೊಲಿಗೆ ಡಬ್ಬದಿಂದ ಒಯ್ದಿದ್ದ, ಸೀರೆಗೆ ಫಾಲ್ ಹೊಲಿಯುವ ದಾರವನ್ನೇ ಜೋಡಿ ಎಳೆ ಮಾಡಿ ಹೊಲಿದರಂತೆ. ಜೋರು ಗಾಳಿ, ಕೊಲ್ಲಿ ಬಿಟ್ಟು ಹೊರಡಲಾಗುತ್ತಿಲ್ಲವಂತೆ.

"ಸಿಕ್ಕಿಹಾಕ್ಕೊಂಡಿದೀವಿ," ಎಂದು ನಕ್ಕರು.

"ಆ ಗಾಳೀನ ಸ್ವಲ್ಪ ಇಲ್ಲಿಗೂ ಕಳಿಸಿ," ಎಂದೆ. ಅದಕ್ಕೂ ನಕ್ಕರು.

ನನಗೆ ನಗು ಬರಲಿಲ್ಲ. ಆ ನಂಬರ್ ಒತ್ತಿಬಿಟ್ಟಿದ್ದರೆ, ಯಾರನ್ನು ಎಲ್ಲಿಂದ ಬಿಡಿಸಿಕೊಂಡು ಬರಬೇಕು ಎಂದು ಕೋಸ್ಟ್ ಗಾರ್ಡಿನವರು ಕೇಳಿದ್ದರೆ, ನಾನು ಈ ಫ್ಲಾಟಿನ ವಿಳಾಸವನ್ನೇ ಹೇಳಿಬಿಡುತ್ತಿದ್ದೆನೋ ಏನೋ.