ಪೆಟ್ಟಿಗೆ ಹೆದರದ ಪೆಟ್ಟಿಗೆ

ಮಾರ್ಚ್ 3, ಭಾನುವಾರ, ಸಂಜೆ ಐದು

ಬಂದೆ. ಎಂದಿನಂತೆ ಸೂಟ್‌ಕೇಸನ್ನು ಮಂಚದ ಮೇಲೆ ಬಿಚ್ಚಿಟ್ಟು ನನ್ನ ಬಟ್ಟೆ ತೆಗೆದೆ. ನಾಳೆ ಬೆಳಿಗ್ಗೆ ನನ್ನವಳ ಸರದಿ. ಮೂರು ವರ್ಷದಿಂದ ಹೀಗೆಯೇ — ಒಂದು ವಾರ ನಾನು ಊರೂರಿನ ಲಿಫ್ಟುಗಳ ತಪಾಸಣೆಗೆ, ಮುಂದಿನ ವಾರ ಅವಳು ಆಸ್ಪತ್ರೆಗಳ ಲ್ಯಾಬಿನವರಿಗೆ ಹೊಸ ಮಷೀನು ಕಲಿಸುವುದಕ್ಕೆ. ಲಕ್ವ ಹೊಡೆದು ಹಾಸಿಗೆ ಹಿಡಿದ ಅಮ್ಮನ ಹತ್ತಿರ ಯಾರಾದರೊಬ್ಬರು ಇರಬೇಕಿತ್ತಲ್ಲ. ಇಬ್ಬರೂ ಒಟ್ಟಿಗೆ ಹೊರಡುವ ಹಾಗಿಲ್ಲ ಎಂದಮೇಲೆ ಇಬ್ಬರಿಗೂ ಒಂದೇ ಸೂಟ್‌ಕೇಸು ಸಾಕಾಗಿತ್ತು.

ಅಮ್ಮ ಹೋಗಿ ಆರು ವಾರ. ಸರದಿ ಮಾತ್ರ ಹಾಗೇ ನಡೆದಿದೆ. ಕಾಯುವವರಿದ್ದೇವೆ, ಕಾಯಿಸಿಕೊಳ್ಳುವವರಿಲ್ಲ.

ಮೊದಲೆಲ್ಲ ಭಾನುವಾರ ಮಂಚದ ಆ ಕಡೆ ಅವಳು, ಈ ಕಡೆ ನಾನು. ಒಬ್ಬರು ತೆಗೆಯುತ್ತ, ಒಬ್ಬರು ತುಂಬುತ್ತ, ವಾರದ ವರದಿ ಒಪ್ಪಿಸಬೇಕು. ಬಿ.ಪಿ. ಮಾತ್ರೆ ಅರ್ಧ ಮಾಡಿದ್ದಾರೆ. ಬೆನ್ನಿನ ಹುಣ್ಣು ಒಣಗುತ್ತಿದೆ. ಮಂಗಳವಾರ ಯಾಕೋ ನಕ್ಕರು. ಕಡಿಮೆಯೆಂದರೆ ಒಂದು ಗಂಟೆ ಹಿಡಿಯುತ್ತಿತ್ತು.

ಇವತ್ತು ಹತ್ತು ನಿಮಿಷ.

ಸ್ಟೇಷನ್ನಿನಲ್ಲಿ ಹಿಂದಿನ ಚಕ್ರ ಕಳಚಿಕೊಂಡಿತು. ಅದನ್ನು ಕೈಯಲ್ಲಿ ಹಿಡಿದು 'ಚಕ್ರಪಾಣಿಯಾಗಿ ಬಂದಿದ್ದೇನೆ' ಅಂದೆ. ಅವಳು ಇಸಿದುಕೊಂಡು, ತಿರುಗಿಸಿ ನೋಡಿ, ಕಸದ ಬುಟ್ಟಿಗೆ ಹಾಕಿದಳು.

ಮಾರ್ಚ್ 6, ಬುಧವಾರ

ಮನೆಯಲ್ಲಿ. ಮೂರೇ ಚಕ್ರದಲ್ಲಿ ಎಳೆದುಕೊಂಡು ಹೋಗಿದ್ದಾಳೆ ಪಾಪ. ಹೊಸದು ಕೊಳ್ಳಲೇಬೇಕು.

ಮೂರು ಗಂಟೆ ಕಾಲ ಫೋನಿನಲ್ಲಿ ಸೂಟ್‌ಕೇಸಿನ ಅಧ್ಯಯನ. ಪರೀಕ್ಷೆಗೂ ಇಷ್ಟು ಓದಿರಲಿಲ್ಲ. ಪಾಲಿಕಾರ್ಬೊನೇಟು ಬಗ್ಗುತ್ತದೆ, ಬೇಗ ಒಡೆಯುವುದಿಲ್ಲ. ಹೊಳಪಿನದಾದರೆ ಗೀರು ಎದ್ದು ಕಾಣುತ್ತದೆ, ಮ್ಯಾಟ್ ಆದರೆ ಮರೆಯಾಗುತ್ತದೆ. ಬಟ್ಟೆಯದು ಹಗುರ, ಆದರೆ ಮಳೆ ಕಂಡರೆ ಅಳುತ್ತದೆ. ಅಲ್ಯೂಮಿನಿಯಂ ಮದುಮಗನ ಹಾಗೆ — ಮೊದಲ ದಿನ ಚೆಂದ, ಆಮೇಲೆ ದಿನಕ್ಕೊಂದು ತಗ್ಗು. ಚಕ್ರ ನಾಲ್ಕು ಜೊತೆ ಇರಬೇಕು, ಎಂಟನ್ನೂ ಸ್ಕ್ರೂ ಬಿಚ್ಚಿ ಬದಲಿಸುವಂತಿರಬೇಕು. ಜಿಪ್ಪಿನ ವಿಷಯದಲ್ಲಿ ಜಿಪುಣತನ ಕೂಡದು. ಒಟ್ಟಿನಲ್ಲಿ, ಪೆಟ್ಟಿಗೆ ಹೆದರದ ಪೆಟ್ಟಿಗೆ ಬೇಕು.

ಚೆನ್ನಾಗಿದೆ ಇದು. ಯಾರಿಗೆ ಹೇಳಲಿ? ಅಮ್ಮನಾಗಿದ್ದರೆ ಸರಿಯಿದ್ದ ಅರ್ಧ ಬಾಯಲ್ಲಿ ನಗುತ್ತಿದ್ದಳು.

ಅಮ್ಮನ ಕೋಣೆಯ ಬಾಗಿಲು ಹಾಕಿದೆ. ಸರಿ ಕಾಣಲಿಲ್ಲ. ತೆಗೆದೆ. ಅದೂ ಸರಿ ಕಾಣಲಿಲ್ಲ. ಅರ್ಧ ತೆರೆದಿಟ್ಟಿದ್ದೇನೆ.

ಮಾರ್ಚ್ 9, ಶನಿವಾರ, ಬೆಳಿಗ್ಗೆ

ನಿನ್ನೆ ಬಂದಳು. ಕಾಫಿ ಹೊತ್ತಿಗೆ ಸೂಟ್‌ಕೇಸಿನ ಮಾತು ತೆಗೆದೆ. ಲೋಟದಿಂದ ತಲೆಯೆತ್ತದೆ ಹೇಳಿದಳು:

"ಎರಡು ತಗೊಳ್ಳೋಣ. ನಿಮಗೊಂದು, ನನಗೊಂದು."

ಎರಡು! ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಒಬ್ಬನೇ ನಕ್ಕೆ. ಬೇರೆ ಮನೆಯವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಒಂದೇ ಪೆಟ್ಟಿಗೆಯಾದರೆ ಒಬ್ಬರು ಬಂದ ಮೇಲೆ ಇನ್ನೊಬ್ಬರು ಹೊರಡಬೇಕು. ಎರಡಿದ್ದರೆ ಒಂದೇ ವಾರ ಇಬ್ಬರೂ ಹೊರಡಬಹುದು — ಅಂದರೆ ಮುಂದಿನ ವಾರವೆಲ್ಲ ಇಬ್ಬರೂ ಮನೆಯಲ್ಲಿ! ಅಮ್ಮನ ಕರ್ಮದ ದಿನಗಳನ್ನು ಬಿಟ್ಟರೆ ಮೂರು ವರ್ಷದಲ್ಲಿ ಒಂದು ಬುಧವಾರವನ್ನೂ ನಾವು ಒಟ್ಟಿಗೆ ಕಂಡಿಲ್ಲ. ಅದನ್ನು ನೇರವಾಗಿ ಹೇಳಲು ಅವಳಿಗೆ ಸಂಕೋಚ. 'ಎರಡು ತಗೊಳ್ಳೋಣ' ಅಂದಳು. ಅಷ್ಟು ಸಾಕು.

ಮೊದಲು ಸರದಿ ಬದಲಾಯಿಸಿಕೊಂಡು ಆಮೇಲೆ ಹೇಳುತ್ತೇನೆ.

ಮಾರ್ಚ್ 12, ಮಂಗಳವಾರ, ಲಾಡ್ಜ್

ಸಾಹೇಬರಿಗೆ ಫೋನು. ಏಪ್ರಿಲ್ ಒಂದರಿಂದ ನನ್ನ ಟೂರಿನ ವಾರ ತಿರುಗುಮುರುಗು ಮಾಡಿ ಎಂದು ಬೇಡಿಕೊಂಡೆ. ಕಾರಣ ಕೇಳಿದರು. ಹೆಂಡತಿಯ ಟೂರಿನ ವಾರಕ್ಕೆ ಹೊಂದಬೇಕು ಅಂದೆ. ಹೊಸದಾಗಿ ಮದುವೆಯಾಯಿತೇ ಎಂದು ಕಿಚಾಯಿಸಿದರು. ಹನ್ನೊಂದು ವರ್ಷ ಸಾರ್ ಅಂದೆ. ಆಗಲಿ ಅಂದರು. ನನ್ನ ಜಾಗಕ್ಕೆ ಇನ್ನೊಬ್ಬನನ್ನು ಒಪ್ಪಿಸಬೇಕಾಯಿತಂತೆ. ಮತ್ತೆ ಬದಲಾಯಿಸಿ ಎಂದು ಬಂದರೆ ಲಿಫ್ಟಿನ ಗುಂಡಿಗೆ ತಳ್ಳುತ್ತಾರಂತೆ.

ಈ ಊರಿನ ಲಿಫ್ಟಿಗೂ ಇವತ್ತು ಪಾಸು ಕೊಟ್ಟೆ. ಮನಸ್ಸು ಚೆನ್ನಾಗಿತ್ತು.

ಮಾರ್ಚ್ 17, ಭಾನುವಾರ, ಮಧ್ಯಾಹ್ನ

ಅಂಗಡಿ. ಯಜಮಾನರದು ನೂರು ಕಿಲೋ ದಾಟಿದ ದೇಹ. ಚಪ್ಪಲಿ ಕಳಚಿ ಸೂಟ್‌ಕೇಸಿನ ಮೇಲೆ ಹತ್ತಿ ನಿಂತೇ ವ್ಯಾಪಾರ ಮಾಡುತ್ತಾರೆ. ಅದು ಸ್ವಲ್ಪ ಬಗ್ಗಿ ಮತ್ತೆ ನೆಟ್ಟಗಾಯಿತು. ನಿಮ್ಮಿಬ್ಬರಿಗಿಂತ ಜಾಸ್ತಿ ಬಾಳಿಕೆ ಬರುತ್ತದೆ ಎಂದು ಇಳಿದರು.

ನನಗೆ ಬೂದು ಬಣ್ಣದ ಮಧ್ಯಮ ಸೈಜು. ಅವಳು ಸೀದಾ ದೊಡ್ಡದರ ಹತ್ತಿರ ಹೋದಳು. ಗಾಢ ಹಸಿರು, ಮ್ಯಾಟ್, ಮೂಲೆಗಳಿಗೆ ದಪ್ಪ ಕಟ್ಟು. ವಾರದ ಬಟ್ಟೆಗೆ ಅಷ್ಟು ದೊಡ್ಡದು ಯಾಕೆ, ನನ್ನನ್ನೂ ಮಡಿಸಿ ತುಂಬಿಕೊಳ್ಳುವ ವಿಚಾರವೇನು ಅಂದೆ. ಇರಲಿ ಬಿಡಿ ಅಂದಳು. ಅದರ ಜಿಪ್ಪು ಎರಡೆರಡು ಸಲ ಎಳೆದೆ. ಹಿಡಿಕೆ ಅಲ್ಲಾಡಿಸಿದೆ. ಎಂಟೂ ಚಕ್ರ ತಿರುಗಿಸಿದೆ. ಒಂದರಲ್ಲಿ ಕಿರಿಕಿರಿ ಕೇಳಿ ಗೋಡೌನಿನಿಂದ ಬೇರೆ ತರಿಸಿದೆ. ಅವಳಿಗೆ ಹನ್ನೊಂದು ವರ್ಷದಲ್ಲಿ ನಾನು ಇಷ್ಟು ಮನಸ್ಸಿಟ್ಟು ಏನನ್ನೂ ಆರಿಸಿಕೊಟ್ಟಿರಲಿಲ್ಲ.

ಹತ್ತು ವರ್ಷ ವಾರಂಟಿ. ಮೂವತ್ತು ದಿನದೊಳಗೆ ಫೋನಿನಲ್ಲಿ ವಿಳಾಸ ಸಮೇತ ನೋಂದಾಯಿಸಬೇಕು. ನನ್ನದು ಅಲ್ಲೇ ಮಾಡಿದೆ. ಅವಳದಕ್ಕೂ ಮನೆಯ ವಿಳಾಸ ಹಾಕಲು ಹೋದೆ. ಆಮೇಲೆ ನೋಡೋಣ ಅಂದಳು.

ಅದೇ ದಿನ, ಸಂಜೆ ಏಳು

ಹೇಳಿದೆ. ಏಪ್ರಿಲ್‌ನಿಂದ ನೀನು ಹೊರಡುವ ವಾರವೇ ನನಗೂ ಟೂರು, ನೀನಿರುವ ವಾರ ನಾನೂ ಮನೆಯಲ್ಲಿ — ಎರಡು ಪೆಟ್ಟಿಗೆ, ಒಂದೇ ಕ್ಯಾಲೆಂಡರು ಅಂದೆ.

ಅವಳು ಮಂಚದ ತುದಿಯಲ್ಲಿ ಕೂತಳು. ಒಂದು ಮಾತು ಕೇಳಬಾರದಿತ್ತೇ ಅಂದಳು. ನಿಧಾನವಾಗಿ ಎಲ್ಲ ಬಂತು. ಅವಳ ಕಂಪನಿಯ ಟ್ರೈನಿಂಗ್ ಸೆಂಟರು ಇಲ್ಲಿಂದ ಎಂಟು ಗಂಟೆ ರೈಲು ದೂರದಲ್ಲಿದೆ. ಅಲ್ಲಿಗೆ ಹೋಗಲು ಫೆಬ್ರವರಿಯಲ್ಲೇ ಒಪ್ಪಿಕೊಂಡಿದ್ದಾಳೆ. ಟೂರು ಮುಗಿಯಿತು. ಇನ್ನು ಅಲ್ಲೇ ಕೆಲಸ. ಮನೆ ಹುಡುಕುತ್ತಿದ್ದಾಳೆ, ಒಬ್ಬಳಿಗೆ ಸಾಕಾಗುವಷ್ಟು.

"ಅವರಿದ್ದಾಗ ಭಾನುವಾರ ಒಂದು ಗಂಟೆ ಆದ್ರೂ ಮಾತಾಡ್ತಿದ್ವಿ. ಮಾತ್ರೆನೋ, ಹುಣ್ಣೋ, ಏನೋ ಒಂದು. ಅವರು ಹೋದ್ಮೇಲೆ ನೀವು ಜೋಕು ಬಿಟ್ಟು ನನ್ನ ಹತ್ರ ಏನು ಹೇಳಿದೀರಿ? ಆ ಬೆನ್ನು ತೊಳೆದೋಳು ನಾನೂ ಅಲ್ವಾ? ನಂಗೂ ಅಳೋದಿತ್ತು. ಇಲ್ಲಿ ಆಗ್ಲಿಲ್ಲ. ಲಾಡ್ಜಲ್ಲಿ ಒಬ್ಬಳೇ ಅತ್ತೆ."

'ಅತ್ತೆ' ಎಂಬುದರ ಮೇಲೆ ಒಂದು ಶ್ಲೇಷೆ ನಾಲಿಗೆಯ ತುದಿಗೆ ಬಂದು ನಿಂತಿತು. ಆ ಹೊತ್ತಿನಲ್ಲೂ. ನುಂಗಿಕೊಂಡೆ. ಅವಳಿಗೆ ಕಂಡಿತು. ಹನ್ನೊಂದು ವರ್ಷ ನೋಡಿದ ಮುಖ, ಕಾಣದೆ ಇರುತ್ತದೆಯೇ.

"ನೋಡಿ, ಈಗ್ಲೂ," ಅಂದಳು. ಬೈಗುಳವಲ್ಲ. ಸುಸ್ತು.

ವಾಪಸ್ ಬರುತ್ತೀಯಾ ಎಂದು ಕೇಳಿದೆ.

"ಗೊತ್ತಿಲ್ಲ ರೀ. ಈಗ ಕೇಳ್ಬೇಡಿ."

ಮಾರ್ಚ್ 31, ಭಾನುವಾರ

ಹದಿನಾಲ್ಕು ದಿನ ಬರೆಯಲಿಲ್ಲ. ನಡುವೆ ಒಂದು ವಾರ ನನ್ನ ಕೊನೆಯ ಹಳೇ ಸರದಿ. ದೂರದ ಲಾಡ್ಜಿನಲ್ಲಿ ಅಳಲು ಪ್ರಯತ್ನಿಸಿದೆ, ಅವಳಿಗೆ ಬಂದ ಹಾಗೆ ನನಗೂ ಬರುತ್ತದೇನೋ ಎಂದು. ಬರಲಿಲ್ಲ.

ಇವತ್ತು ಬೆಳಿಗ್ಗೆ ಹಸಿರು ಪೆಟ್ಟಿಗೆ ಮಂಚದ ಮೇಲೆ. ಆ ಕಡೆ ಅವಳು, ಈ ಕಡೆ ನಾನು. ಅದರಿಂದ ತೆಗೆಯುವುದಕ್ಕೆ ನನ್ನದೇನೂ ಇರಲಿಲ್ಲ. ಸ್ವೆಟರು ಮಡಿಸಿ ಕೊಟ್ಟೆ. ಯಾಕೆಂದು ನಾನು ಕಿಚಾಯಿಸಿದ ದೊಡ್ಡ ಸೈಜು ಅಂಚಿನವರೆಗೆ ತುಂಬಿತು. ಜಿಪ್ಪು ಒಂದೇ ಎಳೆತಕ್ಕೆ ಬಂತು. ಒಳ್ಳೆಯ ಮಾಲು.

ಅಮ್ಮ ಕೊನೆಯ ವಾರ ನನ್ನ ಕೈ ಹಿಡಿದು ಏನೋ ಹೇಳಲು ಹೆಣಗಿದ್ದಳು, ನನಗೆ ತಿಳಿಯಲಿಲ್ಲ — ಇದನ್ನು ಹೇಳಬೇಕೆಂದಿದ್ದೆ. ಮಂಚದ ಈ ಕಡೆ ನಿಂತು ಎರಡು ಸಲ ಬಾಯಿ ತೆರೆದೆ. ಆಟೋ ಬಂತು.

ಸ್ಟೇಷನ್ನಿಗೆ ಬರುವುದು ಬೇಡ ಅಂದಳು. ನಯವಾದ ನೆಲದ ಮೇಲೆ ಎಂಟೂ ಚಕ್ರ ಸದ್ದಿಲ್ಲದೆ ಉರುಳಿದವು. ಸದ್ದು ಬಾರದ ಹಾಗೆ ಆರಿಸಿದವನು ನಾನೇ.

ಏಪ್ರಿಲ್ 10, ಬುಧವಾರ

ಬೇಡಿ ಪಡೆದ ವಾರ. ಇಬ್ಬರೂ ಮನೆಯಲ್ಲಿರಬೇಕಾದ ಬುಧವಾರ. ಅನ್ನ ಜಾಸ್ತಿ ಮಾಡಿಬಿಟ್ಟೆ.

ಸಾಹೇಬರನ್ನು ಮತ್ತೆ ಕೇಳುವ ಮುಖವಿಲ್ಲ.

ಅವಳ ವಾರಂಟಿಯ ಅರ್ಜಿ ನನ್ನ ಫೋನಿನಲ್ಲೇ ಉಳಿದಿದೆ. ವಿಳಾಸದ ಜಾಗ ಖಾಲಿ. ಈ ಮನೆಯದು ಅಲ್ಲ ಎಂದು ಅವಳು ಇನ್ನೂ ಹೇಳಿಲ್ಲವಲ್ಲ. ದಿನಕ್ಕೆರಡು ಸಲ ತೆಗೆದು ನೋಡಿ ಮುಚ್ಚುತ್ತೇನೆ.

ಏಪ್ರಿಲ್ 16, ಮಂಗಳವಾರ, ಬೆಳಿಗ್ಗೆ ಹನ್ನೊಂದು, ಲಾಡ್ಜ್

ಮೂವತ್ತನೆಯ ದಿನ. ಇವತ್ತು ತುಂಬದಿದ್ದರೆ ವಾರಂಟಿ ಹೋಗುತ್ತದೆ. ಇನ್ನೂ ಸುಮ್ಮನಿದ್ದರೆ ನನ್ನ ಆಸೆಗೆ ಅವಳ ಪೆಟ್ಟಿಗೆ ಬಲಿ.

ಫೋನು ಮಾಡಿದೆ. ತರಗತಿಯಿಂದ ಹೊರಗೆ ಬಂದು ಮಾತಾಡಿದಳು. ಊಟ ಆಯಿತೇ ಎಂದು ಹನ್ನೊಂದು ಗಂಟೆಗೆ ಕೇಳಿದೆ. ಆಮೇಲೆ ಅಮ್ಮನ ಕೊನೆಯ ವಾರದ ಸಂಗತಿ ಹೇಳಿದೆ. ಜೋಕಿಲ್ಲದೆ. "ಇದನ್ನ ಆಗ ಹೇಳಿದ್ರೆ..." ಅಂದು ನಿಲ್ಲಿಸಿದಳು.

ಅರ್ಜಿಯಲ್ಲಿ ಎರಡು ಚೌಕ ಇವೆ, ತಾತ್ಕಾಲಿಕ ವಿಳಾಸವೋ ಖಾಯಂ ವಿಳಾಸವೋ, ಯಾವುದಕ್ಕೆ ಟಿಕ್ ಹಾಕಲಿ ಎಂದು ಕೇಳಿದೆ.

ಯಾರೋ ಅವಳನ್ನು ಒಳಗಿನಿಂದ ಕರೆದರು. ಬಂದೆ ಎಂದು ಅವರಿಗೆ ಹೇಳಿದಳು.

"ಖಾಯಂ ಅಂತಲೇ ಹಾಕಿ. ಇಲ್ಲಿನ ಅಡ್ರೆಸ್ಸು ಬರ್ಕೊಳ್ಳಿ, ನಿಧಾನಕ್ಕೆ ಹೇಳ್ತೀನಿ."

ಬೇರೆ ಕಾಗದ ಕೈಗೆ ಸಿಗಲಿಲ್ಲ. ಇಲ್ಲೇ —

ಮನೆ ನಂಬರು ಹದಿನಾಲ್ಕು. ಎರಡನೆಯ ಮಹಡಿ. ನೀರಿನ ಟ್ಯಾಂಕಿನ ಎದುರು